ಗುಂಯ್ ಅನ್ನುವ ವಿಮಾನ

ವಿಮಾನದ ರೇಡಿಯೋ ಹಾಕಿದರೆ ಸಾಕು, ಗುಂಯ್ ಅನ್ನುತ್ತಿತ್ತು. ಒಳಗೊಂದು ದುಂಬಿ ಸಂಸಾರ ಹೂಡಿದ ಹಾಗೆ.

ಕೆಂಗೇರಿಯಾಚೆಯ ಆ ಇಂಜಿನಿಯರಿಂಗ್ ಕಾಲೇಜಿನ ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ಹಳೆಯ ವಿಮಾನವೊಂದಿತ್ತು. ಹಾರುತ್ತಿರಲಿಲ್ಲ, ಹುಡುಗರು ಕಲಿಯಲಿ ಎಂದು ತಂದಿಟ್ಟದ್ದು. ಅದನ್ನು ನೋಡಿಕೊಳ್ಳುವವನು ಭೈರೇಶ. ಮನೆ ಕುರುಬರಹಳ್ಳಿ. ದಿನಾ ಸ್ಕೂಟರಿನಲ್ಲಿ ಟ್ರಾಫಿಕ್ಕಿನ ಹೊಗೆ ಕುಡಿದು ಬಂದು, ಸಂಜೆ ಅದನ್ನೇ ಕುಡಿದು ಮನೆ ಸೇರುವಷ್ಟರಲ್ಲಿ ಹಿಂಡಿದ ಬಟ್ಟೆಯಾಗಿರುತ್ತಿದ್ದ.

ಆವತ್ತು ಬೆಳಿಗ್ಗೆ ಕಾಲೇಜಿನ ಒಡೆಯ ಕೆಂಚಪ್ಪನವರು ಮಾತು ಕೊಟ್ಟರು.

“ಮಧ್ಯಾಹ್ನ ಡೆಲ್ಲಿಯಿಂದ ಇನ್‌ಸ್ಪೆಕ್ಷನ್‌ನವ್ರು ಬರ್ತಾರೆ ಕಣಪ್ಪ. ರೇಡಿಯೋ ಗಂಟೆ ಹೊಡ್ದಂಗೆ ಕೇಳಿಸ್ಬೇಕು. ಕೇಳಿಸ್ತು ಅಂದ್ರೆ ನಿನ್ನ ಬಸವೇಶ್ವರನಗರದ ನಮ್ ಪಾಲಿಟೆಕ್ನಿಕ್‌ಗೆ ಹಾಕ್ತೀನಿ. ಮನೆಗೆ ನಡ್ಕೊಂಡೇ ಹೋಗೀವಂತೆ.”

ಭೈರೇಶ ಚಪ್ಪಲಿ ಬಿಟ್ಟು ವಿಮಾನ ಹತ್ತಿದ. ಆಯುಧಪೂಜೆಯಲ್ಲಿ ಕೆಂಚಪ್ಪನವರ ತಾಯಿ ಮುನಿತಾಯಮ್ಮ ಮೀಟರುಗಳ ಮೇಲೆ ಪುಟ್ಟ ಆಂಜನೇಯನನ್ನು ಕೂರಿಸಿ, ಹಿಂದೆ ಮಿಣುಕುವ ಎಲ್‌ಇಡಿ ಪ್ರಭಾವಳಿ ಹಾಕಿಸಿದ್ದರು. ಅಂದಿನಿಂದ ಒಳಗೆ ಚಪ್ಪಲಿ ನಿಷೇಧ. ಅಂಥದ್ದೇ ಇನ್ನೊಂದು ಅವರ ದೇವರಮನೆಯಲ್ಲಿತ್ತು. ಕಿವಿಗೆ ಮಿಷನ್ನು ಹಾಕಿಕೊಂಡು ಅದರ ಮುಂದೆ ಕೂತರೆ ಓಂಕಾರ ಕೇಳಿಸುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಮಿಷನ್ನು ಕೆಟ್ಟಿದೆ ಎಂದು ಮಗ ನಗುತ್ತಿದ್ದರು.

ಮೊದಲು ಬಂದವನು ಕಾಲೇಜು ಬಸ್ಸಿನ ಡ್ರೈವರ್ ಮಹದೇವ. “ಅರ್ತಿಂಗ್ ಸರಿಗಿಲ್ಲ ಗುರು. ನಮ್ ಬಸ್ಸಲ್ಲೂ ಹಿಂಗೇ ಆಗಿತ್ತು.”

ಅರ್ತಿಂಗ್ ವೈರುಗಳನ್ನೆಲ್ಲ ಬಿಚ್ಚಿ, ಉಜ್ಜಿ, ಬಿಗಿದದ್ದಾಯಿತು. ಗುಂಯ್.

ಆಮೇಲೆ ಫಿಸಿಕ್ಸ್ ಮೇಡಂ ರಾಗಿಣಿ. “ಇಂಜಿನ್ ಪ್ಲಗ್ಗಿಂದಾನೇ ಬರೋದು ಭೈರೇಶ್ ಅವ್ರೇ. ಯೂಟ್ಯೂಬಲ್ಲಿ ನೋಡಿದೀನಿ.”

ಪ್ಲಗ್ಗಿನ ವೈರು ಬದಲಾಯಿಸಿ ಇಂಜಿನ್ ಚಾಲೂ ಮಾಡಿದ. ಮೂತಿಯ ಫ್ಯಾನು ಗಿರ್ರನೆ ತಿರುಗಿ, ವಿಮಾನದ ಹಿಂದೆ ಮೇಡಂ ಬೆಳಿಗ್ಗೆಯಿಂದ ಬಗ್ಗಿ ಬಿಡಿಸಿದ್ದ ರಂಗೋಲಿಯೆಲ್ಲ ಎದ್ದು ಮಹದೇವನ ಮುಖದ ಮೇಲೆ ಕೂತಿತು.

“ಆಫ್ ಮಾಡ್ರೀ!” ಮೇಡಂ ಕಿರುಚಿದರು.

“ನಾನು ಮದುವೆ ಗಂಡಾಗ್ಬಿಟ್ನಲ್ಲ ಮಗಾ!” ಎಂದು ಮಹದೇವ ಸೀನಿದ.

ಇಂಜಿನ್ ನಿಂತಿತು. ಗುಂಯ್ ನಿಲ್ಲಲಿಲ್ಲ.

ಇಬ್ಬರೂ ಮುಖ ಊದಿಸಿಕೊಂಡು ಹೋದರು. ಭೈರೇಶ ದೀಪ, ಮೀಟರು ಎಲ್ಲವನ್ನೂ ಒಂದೊಂದಾಗಿ ಆರಿಸಿದ. ರೇಡಿಯೋ ಒಂದನ್ನು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಸೋತು ಸೀಟಿಗೊರಗಿ, “ನೀನೇ ಕಾಪಾಡಪ್ಪ” ಎಂದು ಆಂಜನೇಯನ ಪಾದ ಮುಟ್ಟಿದ. ಕೈ ತಗುಲಿ ವೈರೊಂದು ಕಳಚಿತು. ಪ್ರಭಾವಳಿ ಆರಿತು. ಗುಂಯ್ ನಿಂತಿತು.

ಸ್ವಾಮಿಯ ಬೆಳಕು ಯಾವತ್ತೂ ಆರಬಾರದು ಎಂದು ಅಜ್ಜಿ ಹೇಳಿದ್ದಕ್ಕೆ, ಮಹದೇವ ಅದರ ವೈರನ್ನು ನೇರ ಬ್ಯಾಟರಿಗೇ ಕಟ್ಟಿದ್ದ. ದಿನವೂ ಕೈಮುಗಿದಿದ್ದರೂ ಭೈರೇಶನಿಗೆ ಅನುಮಾನ ಬಂದಿರಲಿಲ್ಲ. ದೇವರನ್ನು ಎಲೆಕ್ಟ್ರಿಕ್ ಸಾಮಾನು ಎಂದು ಯಾರು ತಾನೇ ಲೆಕ್ಕ ಹಿಡಿಯುತ್ತಾರೆ? ಕಳಚಿದ ವೈರಿನ ಮೇಲೊಂದು ಚೆಂಡುಹೂವು ಮುಚ್ಚಿಟ್ಟ.

ಇನ್‌ಸ್ಪೆಕ್ಷನ್‌ನವರು ಬಂದರು. ಆಕಾಶದಲ್ಲೆಲ್ಲೋ ಹೋಗುತ್ತಿದ್ದ ಪೈಲಟ್ಟನ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸಿತು. ಎಲ್ಲರೂ ತಲೆದೂಗಿದರು. ಕೆಂಚಪ್ಪನವರು ಬೆನ್ನು ತಟ್ಟಿ, “ಸೋಮವಾರದಿಂದ ಬಸವೇಶ್ವರನಗರ!” ಅಂದರು. ಭೈರೇಶ ಮನಸ್ಸಿನಲ್ಲಾಗಲೇ ಸೊಪ್ಪು ಕೊಂಡುಕೊಂಡು ಮನೆಗೆ ನಡೆಯುತ್ತಿದ್ದ.

ಅಷ್ಟರಲ್ಲಿ ತಾಂಬೂಲದ ತಟ್ಟೆ ಹಿಡಿದು ಬಂದ ಮುನಿತಾಯಮ್ಮ ಒಳಗೆ ಇಣುಕಿದರು.

“ಅಯ್ಯೋ! ಯಾರ್ಲಾ ಅದು ಸ್ವಾಮಿ ಬೆಳಕ ಆರ್ಸಿರೋದು?”

ಮಹದೇವ ಒಂದೇ ನೆಗೆತಕ್ಕೆ ಹತ್ತಿ ವೈರು ಸಿಕ್ಕಿಸಿದ. ಗುಂಯ್!

“ಸಾರ್, ಅದು ಆ ಲೈಟಿಂದಾನೇ…” ಭೈರೇಶ ತೊದಲಿದ.

ಅಜ್ಜಿ ತಟ್ಟೆ ಕೆಳಗಿಟ್ಟು ಕೆನ್ನೆ ಬಡಿದುಕೊಂಡರು. “ಇದೇ ಕಣ್ಲಾ ಕೆಂಚ! ನಂಗೆ ಕೇಳ್ಸೋ ಓಂಕಾರ ಇದೇಯ! ನಂದು ಮಿಷನ್ನು ಕೆಟ್ಟದೆ ಅಂತಿದ್ದಲ್ಲ, ಈಗ ವಿಮಾನದ ಕಿವೀನೂ ಕೆಟ್ಟೋಗದಾ?”

ಕೆಂಚಪ್ಪನವರು ವಿಮಾನದೊಳಗೆ ಬಗ್ಗಿ ಕಿವಿಗೊಟ್ಟರು. ಡೆಲ್ಲಿಯ ಹಿರಿಯರೊಬ್ಬರು ಮೆಲ್ಲಗೆ ಬೂಟು ಕಳಚಿದರು.

“ಭೈರೇಶ, ನಿಜ ಹೇಳು,” ಅಂದರು ಕೆಂಚಪ್ಪನವರು. “ ಸ್ವಾಮಿ ಬೆಳಕು ಆರಿದ್ರೆ ನಿಲ್ಲುತ್ತೆ, ಹತ್ತಿದ್ರೆ ಬರುತ್ತೆ. ಹೌದೋ ಅಲ್ವೋ?”

“ಹೌದು ಸಾರ್, ಆದ್ರೆ ಅದು…”

“ಸಾಕು!” ಕೆಂಚಪ್ಪನವರು ಕೈಮುಗಿದರು. “ಈ ನಾದ ಒಂದಿನಾನೂ ನಿಲ್ಲಬಾರ್ದು. ಇದರ ಮರ್ಮ ಗೊತ್ತಿರೋನು ನೀನೊಬ್ಬನೇ ಕಣಯ್ಯಾ. ಪಾಲಿಟೆಕ್ನಿಕ್ ಮರ್ತುಬಿಡು. ಭಾನುವಾರಾನೂ ಬಾ, ಜನ ದರ್ಶನಕ್ಕೆ ಬರ್ತಾರೆ.”

ಭೈರೇಶ ವಿಮಾನದಿಂದ ಇಳಿದ. ಶೆಡ್ಡಿನ ಬಾಗಿಲಲ್ಲಿ ಆಗಲೇ ಚಪ್ಪಲಿಗಳ ರಾಶಿ ಬಿದ್ದಿತ್ತು. ಎಷ್ಟು ಹುಡುಕಿದರೂ ಅದರಲ್ಲಿ ಅವನದು ಮಾತ್ರ ಇರಲಿಲ್ಲ.