ಆಮೆನ್ ತನಕ ಕಾದ ದೋಸೆ

ಕೆಲಸದಿಂದ ಬಿಡುಗಡೆಯಾದ ಮೇಲೆ ಮನುಷ್ಯನಿಗೆ ಪುಣ್ಯ ಸಂಪಾದಿಸುವ ಆಸೆ ಹುಟ್ಟುತ್ತದೆ; ಆದರೆ ಅವನ ಜಂಬಕ್ಕೆ ಮಾತ್ರ ನಿವೃತ್ತಿಯೇ ಇಲ್ಲ. ನನ್ನ ಜಂಬ ದೋಸೆಯದು. ಪಿಂಪ್ರಿ-ಚಿಂಚವಾಡದಲ್ಲಿ ಹೋಟೆಲು ನಡೆಸಿದವನು ನಾನು. ಪಾಳಿ ಮುಗಿಸಿ ಬಂದ ಕಾರ್ಖಾನೆಯವರು ನಿಂತೇ ತಿನ್ನುವಾಗ ದೋಸೆ ಮುರಿಯುವ ಸದ್ದು ಗಲ್ಲಾದಲ್ಲಿ ಕೂತ ನನ್ನ ಕಿವಿಗೆ ಬೀಳಬೇಕು. ಬೀಳದಿದ್ದರೆ ಅಡುಗೆಯವನ ಗ್ರಹಚಾರ ಬಿಡಿಸುತ್ತಿದ್ದೆ. ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ; ನಡುವೆ ದೇವರೂ ಬರಕೂಡದು ಎಂಬುದು ನನ್ನ ಸಿದ್ಧಾಂತ. ಈಗ ಗಲ್ಲಾದಲ್ಲಿ ಮಗಳು ಕೂರುತ್ತಾಳೆ. ನಾನು ಹೋಗಿ ಬಾಯಿ ತೆರೆದರೆ, "ಅಪ್ಪ, ನೀವು ಸ್ವಲ್ಪ ಸುತ್ತಾಡಿ ಬನ್ನಿ" ಎನ್ನುತ್ತಾಳೆ. ಹಾಗೆ ಸುತ್ತಾಡಿ ಸುತ್ತಾಡಿಯೇ ವಿಮಾನ ನಗರದ ಆಚೆ ಕ್ರೈಸ್ತ ಸಿಸ್ಟರುಗಳು ನಡೆಸುವ ಮಕ್ಕಳ ಮನೆಗೆ ಭಾನುವಾರದ ಅಡುಗೆಗೆ ಸೇರಿಕೊಂಡೆ.

ಈ ಮಕ್ಕಳಿಗೆ ನಿಜವಾದ ದೋಸೆ ಎಂದರೆ ಏನೆಂದು ತೋರಿಸಿಯೇ ತೀರಬೇಕೆಂಬ ಹಟ ನನಗೆ. ಮೊದಲ ಭಾನುವಾರ ಚರ್ಚಿನಿಂದ ಬಂದ ಮಕ್ಕಳು ಸಾಲಾಗಿ ಕೂತರು. ಹೊಂಬಣ್ಣದ ಮೊದಲ ದೋಸೆಯನ್ನು ಓಡಿಹೋಗಿ ಸಾಲಿನ ತುದಿಯಲ್ಲಿದ್ದ ಎಸ್ತರ್ ಎಂಬ ಪುಟ್ಟ ಹುಡುಗಿಗೆ ಹಾಕಿದೆ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ನನ್ನ ಹೋಟೆಲು ಮರಾಠಿಯಲ್ಲಿ ಎಷ್ಟು ಅಂಗಲಾಚಿದರೂ, "ಎಲ್ಲರಿಗೂ ಇನ್ನೂ ಬಂದಿಲ್ಲ ಅಂಕಲ್" ಎಂದು ಸಾಲಿನ ಆ ತುದಿ ತೋರಿಸಿದಳು.

ಅಡುಗೆಮನೆ ನೋಡಿಕೊಳ್ಳುವ ಸಿಸ್ಟರ್ ಬೆಳಗಾವಿ ಕಡೆಯವರು. "ಸಿಸ್ಟರೇ, ಇದೆಂತ ಕತೆ? ಬಿಸಿ ಇರುವಾಗ ತಿನ್ನದಿದ್ದರೆ ಅದು ದೋಸೆಯಾ?" ಎಂದು ಹಾರಾಡಿದೆ.

"ಇಲ್ಲಿ ಪದ್ಧತಿನ ಹಂಗ ಅದರಿ, ಅಣ್ಣಾರ. ಕಡೀ ತಾಟಿಗೆ ಬಿದ್ದ ಮ್ಯಾಲೆ ಪ್ರಾರ್ಥನಾ, ಆಮ್ಯಾಲೆ ತುತ್ತು. ನಾ ಹೇಳಿದ್ರೂ ಕೇಳಂಗಿಲ್ರಿ ಇವು."

"ಪ್ರಾರ್ಥನೆಯನ್ನು ಮೊದಲೇ ಮುಗಿಸಿಬಿಟ್ಟರೆ?"

"ದೇವರ ಕಾಯ್ತಾನ್ರಿ. ನಿಮ್ಮ ದ್ವಾಸಿಗೇನ ಅಷ್ಟ ಅವಸರ?"

ಹುಚ್ಚು ಹಿಡಿದವನಂತೆ ದೋಸೆ ಹುಯ್ದೆ. ನಾನು ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯ ದೋಸೆಗಳು ಒದ್ದೆ ಕರವಸ್ತ್ರದಂತೆ ಮಲಗಿದ್ದವು. ಮಕ್ಕಳು ಎಂಜಲು ನುಂಗುತ್ತಿದ್ದರು; ಒಂದು ಪುಟ್ಟ ಮಗುವಂತೂ ಮೂಗನ್ನು ತಟ್ಟೆಗೆ ತಾಗಿಸಿಕೊಂಡೇ ಕೂತಿತ್ತು. ಆದರೂ ಒಂದು ಕೈ ಮೇಲೇಳಲಿಲ್ಲ. ಪಕ್ಕದ ಮೇಜಿಗೆ ಮೊದಲು ತಿಂಡಿ ಹೋಯಿತೆಂದು ಕಿರುಚಾಡಿದ ದೊಡ್ಡ ಮನುಷ್ಯರನ್ನು ನನ್ನ ಹೋಟೆಲಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಸಿದ ಹೊಟ್ಟೆಗೆ ಇಷ್ಟು ಮರ್ಯಾದೆ ಇರಬಹುದೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಕೊನೆಯ ತಟ್ಟೆ ತುಂಬಿದ ಮೇಲೆ ಎಸ್ತರ್ ಎದ್ದು ನಿಂತು ಪ್ರಾರ್ಥಿಸಿದಳು. ಅನ್ನಕ್ಕಾಗಿ, ಸಿಸ್ಟರಿಗಾಗಿ, ಒಲೆಯ ಮುಂದೆ ಬೆಂದ ಅಂಕಲಿಗಾಗಿ. ಆಮೆನ್ ಎಂದದ್ದೇ ತಟ್ಟೆಗಳೆಲ್ಲ ಖಾಲಿ. ಸದ್ದು ಮಾತ್ರ ಒಂದೂ ಇಲ್ಲ.

ಎರಡನೆಯ ಸುತ್ತಿಗೆ ಕಾಯಬೇಕಾಗಿಲ್ಲ ಎಂದು ಸಿಸ್ಟರ್ ಹೇಳಿದಾಗ ನನಗೆ ಹೋದ ಜೀವ ಬಂತು. ನನ್ನ ವಿದ್ಯೆಯನ್ನೆಲ್ಲ ಸುರಿದು ಒಂದು ಗರಿಗರಿ ದೋಸೆ ಹುಯ್ದು, ಕಾವಲಿಯಿಂದ ನೇರ ಎಸ್ತರಳ ತಟ್ಟೆಗೆ ತಂದೆ. ಅವಳು ಮುಟ್ಟಿದಳು. ಕರಕ್! ಆಹಾ, ಆ ಸದ್ದು! ಅವಳು ಚೂರುಗಳನ್ನು ನೋಡಿದಳು, ಬೆವರಿಳಿಯುತ್ತಿದ್ದ ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ನನ್ನ ಕೈ ತಟ್ಟಿದಳು.

"ಬೇಜಾರು ಮಾಡಬೇಡಿ ಅಂಕಲ್. ಇದೊಂದು ಒಣಗಿಹೋಗಿದೆ. ಪರವಾಗಿಲ್ಲ, ನಾನು ತಿನ್ನುತ್ತೇನೆ."

ಒಂದು ಚೂರೂ ಬಿಡದೆ ತಿಂದಳು. ನಾನು ಒಳಗೆ ಹೋಗಿ, ಉರಿ ತಗ್ಗಿಸಿ, ದೋಸೆ ಮೆತ್ತಗಾಗಲೆಂದು ಜೀವಮಾನದಲ್ಲಿ ಮೊದಲ ಸಲ ಮುಚ್ಚಳ ಮುಚ್ಚಿದೆ.