ಮಾರ್ಗಮಧ್ಯದ ರೋಗಿ

೨೦೨೪ರ ಸೆಪ್ಟೆಂಬರ್ ಒಂಬತ್ತು, ಸೋಮವಾರ. ನಂಜನಗೂಡು–ತಿ.ನರಸೀಪುರ ರಸ್ತೆಯ ಐವತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಯಾರೂ ಸಾಯುವುದಿಲ್ಲ ಎಂಬುದು ಅಂದು ಸಂಶೋಧನೆಯಿಂದ ಸಾಬೀತಾಯಿತು.

ಸಾಬೀತು ಮಾಡಿದವಳು ಧನುಶ್ರೀ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಆಸ್ಪತ್ರೆಯ ದಾಖಲೆ ವಿಭಾಗ ಸೇರಿ ಮೂರು ತಿಂಗಳಾಗಿತ್ತು. ಹಿಂದೆ ಈ ರೋಗದಿಂದ ಸೇರಿದವರ ಪಟ್ಟಿ ಹಿಡಿದು ವಯಸ್ಸು, ಕುಡಿತ, ಪಿತ್ತದ ಕಲ್ಲು, ಮೊದಲ ದಿನ ಹಾಕಿದ ಡ್ರಿಪ್ಪು, ಎಲ್ಲವನ್ನೂ ತೂಗಿ ನೋಡಿದಳು. ಪಟ್ಟಿಯಲ್ಲಿ ಸತ್ತವರೇ ಇರಲಿಲ್ಲವಾದ್ದರಿಂದ ಯಾವುದರಿಂದಲೂ ವ್ಯತ್ಯಾಸ ಕಾಣಲಿಲ್ಲ. ರೋಗಿಗಳು ಉಳಿಯಲು ಕಾರಣ ಒಂದೇ: ಸಕಾಲಕ್ಕೆ ಹೊರಡುವ ಆಂಬುಲೆನ್ಸ್. ಕೈಮೀರಿದವರನ್ನು ಮೈಸೂರಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ತೀರಿಕೊಂಡವರು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಇದನ್ನು ಅವಳು ವರದಿಯ ಕೊನೆಯಲ್ಲಿ ‘ದೋಷ’ ಎಂದು ಬರೆದಿದ್ದಳು. ಆಡಳಿತಾಧಿಕಾರಿ ಸೋಮಶೇಖರ್ ಅದನ್ನು ಮೊದಲ ಪುಟಕ್ಕೆ ತಂದು ‘ಸಾಧನೆ’ ಎಂದು ತಿದ್ದಿದರು.

ಗುರುವಾರ ಹೆಮ್ಮರಗಾಲದ ಸಿದ್ದರಾಜು ಅದೇ ಉರಿಯೂತದಿಂದ ಹೊಟ್ಟೆ ಹಿಡಿದುಕೊಂಡು ಬಂದು ಸೇರಿದ. ಶುಕ್ರವಾರ ಬೆಳಿಗ್ಗೆ ಅವನ ರಕ್ತದೊತ್ತಡ ಕುಸಿಯಿತು, ಮೂತ್ರ ನಿಂತಿತು. ಸೋಮಶೇಖರ್ ತಡಮಾಡದೆ ಡಿಸ್ಚಾರ್ಜ್ ಹಾಳೆಗೆ ಸಹಿ ಹಾಕಿ, ಡ್ರಿಪ್ಪು ಬಿಚ್ಚಿಸಿ, ಅವನನ್ನು ಆಂಬುಲೆನ್ಸಿಗೆ ಏರಿಸಿದರು. ಆಂಬುಲೆನ್ಸಿನ ನಾಲ್ಕೂ ಚಕ್ರಗಳು ರಿಪೇರಿಗೆಂದು ಹುಲ್ಲಹಳ್ಳಿಗೆ ಹೋಗಿದ್ದವು. ಗಾಡಿ ಇಟ್ಟಿಗೆಗಳ ಮೇಲೆ ನಿಂತಿತ್ತು.

“ಸಾ, ಗಾಡಿ ಓಯ್ತಾನೇ ಇಲ್ವಲ್ಲ?” ಎಂದಳು ಸಿದ್ದರಾಜುವಿನ ಹೆಂಡತಿ ಪುಟ್ಟಲಕ್ಷ್ಮಿ.

“ಹೋಗ್ತಾ ಇದೆಯಮ್ಮ. ಒಂಬತ್ತೂ ಹತ್ತಕ್ಕೆ ಹೊರಟಿದೆ, ಎಂಟ್ರಿ ಆಗಿದೆ,” ಎಂದರು ಸೋಮಶೇಖರ್.

“ಒಳಕ್ಕಾದ್ರೂ ಕರ್ಕೊಂಡೋಗಿ ಡ್ರಿಪ್ ಆಕ್ಸಿ ಸಾ. ನಾಲ್ಗೆ ಒಣ್ಗೋಗದೆ.”

“ಪ್ರಯಾಣದಲ್ಲಿರೋ ಪೇಷಂಟಿಗೆ ವಾರ್ಡಿನ ಡ್ರಿಪ್ ಕೊಡೋಕೆ ರೂಲ್ಸ್ ಇಲ್ಲಮ್ಮ.”

ಪುಟ್ಟಲಕ್ಷ್ಮಿ ಡ್ರೈವರ್ ಮಾದೇಶನ ಕಿಟಕಿಗೆ ಬಂದಳು. “ನೀನಾದ್ರೂ ಇಳ್ದು ಒಂದ್ ಮಾತೇಳಪ್ಪ.”

“ಗಾಡಿ ಓಡ್ಸೋವಾಗ ಸೀಟ್ ಬುಟ್ಟು ಎದ್ರೆ ಮೆಮೋ ಕೊಡ್ತಾರೆ ಕಣಕ್ಕ.”

“ನಿನ್ ಗಾಡಿಗೆ ಚಕ್ರನೇ ಇಲ್ವಲ್ಲೋ!”

“ಅದು ಸ್ಟೋರ್‌ನೋರ ಇಚಾರ.”

ಡ್ಯೂಟಿ ಡಾಕ್ಟರ್ ಅರ್ಪಿತ ಬಾಗಿಲವರೆಗೆ ಬಂದು, “ಮೈಸೂರು ಮುಟ್ಟಿದ ಮೇಲೆ ಫೋನ್ ಮಾಡಿ,” ಎಂದು ಕೈಬೀಸಿ ಹೋದರು.

ಧನುಶ್ರೀ ಸೋಮಶೇಖರರ ಕೋಣೆಗೆ ಹೋದಳು. “ಸರ್, ಅವರಿಗೆ ಈಗ ಡ್ರಿಪ್ಪೇ ಮುಖ್ಯ. ಇಲ್ದಿದ್ರೆ ಉಳಿಯಲ್ಲ.”

“ಡ್ರಿಪ್ಪಿನಿಂದ ವ್ಯತ್ಯಾಸ ಕಂಡುಬಂದಿಲ್ಲ ಅಂತ ನೀವೇ ಬರೆದಿದ್ದೀರಲ್ಲಮ್ಮ. ಪುಟ ಹನ್ನೊಂದು.”

ಧನುಶ್ರೀ ಪುಟ ಹನ್ನೊಂದನ್ನು ನೋಡಿದಳು. ಹಾಗೆಂದೇ ಇತ್ತು.

ಮಧ್ಯಾಹ್ನ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು: “ಬಾಗಿಲು ಮುಚ್ಚಿದ ಕ್ಷಣದಿಂದ ಆಂಬುಲೆನ್ಸ್ ಚಲನೆಯಲ್ಲಿದೆಯೆಂದು ಭಾವಿಸತಕ್ಕದ್ದು. ಚಲಿಸುವ ವಾಹನದ ಸಮೀಪ ನಿಲ್ಲುವುದು ಅಪಾಯಕರವಾದ್ದರಿಂದ ಬಂಧುಗಳು ದೂರ ಸರಿಯತಕ್ಕದ್ದು.”

ವಾಚ್‌ಮನ್ ಚಾಮಯ್ಯ ಅದನ್ನು ಓದಿ ಹೇಳಿದ. ಪುಟ್ಟಲಕ್ಷ್ಮಿ ಎರಡು ಹೆಜ್ಜೆ ಹಿಂದೆ ಸರಿದಳು.

ನಾಲ್ಕು ಗಂಟೆಗೆ ಸಿದ್ದರಾಜು ತೀರಿಕೊಂಡ. ಆಸ್ಪತ್ರೆಯ ದಾಖಲೆಗೆ ಧಕ್ಕೆಯಾಗಲಿಲ್ಲ. ಮಾದೇಶ ಗಾಡಿಯಿಂದ ಇಳಿದು ಮೈಮುರಿದು, ದೂರದ ಡ್ಯೂಟಿಯ ಭತ್ಯೆಗೆ ಅರ್ಜಿ ಕೊಟ್ಟ. ಅದು ಮಂಜೂರಾಯಿತು. ಖಾಲಿಯಾದ ಆಂಬುಲೆನ್ಸಿಗೆ ವಾರ್ಡಿನಿಂದ ಇನ್ನೊಬ್ಬ ರೋಗಿಯನ್ನು ತಂದರು. ಆ ರೋಗಿಯ ಮನೆಯವರು ಹೇಳಿಸಿಕೊಳ್ಳದೆಯೇ ದೂರ ನಿಂತರು.

ಧನುಶ್ರೀ ಫಾರಂ ತುಂಬಿದಳು. ಸಾವಿನ ಸ್ಥಳ: ಮಾರ್ಗಮಧ್ಯೆ. ಪ್ರಯಾಣದ ಅವಧಿ: ಆರು ಗಂಟೆ ಐವತ್ತು ನಿಮಿಷ. ಕ್ರಮಿಸಿದ ದೂರ: ಸೊನ್ನೆ ಕಿಲೋಮೀಟರ್.