ಡ್ರೈವರ್ ಹಿಂದೇನೇ

ಎಲ್ಲಾ ಶುರುವಾಗಿದ್ದು ಆ ಹಂದಿಮಾಂಸದ ವಾಸನೆಯಿಂದ.

ಬಸ್ಸು ಸಾಂತಾ ಕ್ಲಾರಾದಲ್ಲಿ ಆಗಷ್ಟೇ ನಿಂತಿತ್ತು. ಹುಳಿಕಿತ್ತಳೆ, ಬೆಳ್ಳುಳ್ಳಿ ಸವರಿ ಸುಟ್ಟ ಹಂದಿಮಾಂಸದ ಘಮ ಕಿಟಕಿಯಿಂದ ಒಳಗೆ ಬಂದು, ನಿದ್ದೆ ಮಾಡ್ತಿದ್ದ ಎದಿಬೆರ್ತೊನ ಮೂಗು ಹಿಡಿದು ಎಬ್ಬಿಸಿಬಿಡ್ತು. ನಾಳೆ ಹವಾನಾದಲ್ಲಿ ಅವನ ಮದುವೆ. ಹುಡುಗಿ ಮೈದೆಲಿನ್ ಹೊರಡುವಾಗ ಫೋನಲ್ಲಿ ಹೇಳಿದ್ದು ಒಂದೇ ಮಾತು. "ದಾರೀಲಿ ಬಸ್ಸಿಂದ ಇಳೀಬೇಡ."

ಹೋದ ಸಲ ಮದುವೆ ಗೊತ್ತಾದಾಗ ಈ ಮಹಾಶಯ ದಾರೀಲಿ ಹ್ಯಾಮ್ ಬ್ರೆಡ್ ತಿನ್ನೋಕೆ ಇಳಿದು ಬಸ್ಸು ತಪ್ಪಿಸ್ಕೊಂಡಿದ್ದ. ಮೈದೆಲಿನ್ ಮದುವೆ ಕಚೇರಿ ಮೆಟ್ಟಿಲ ಮೇಲೆ ಹೂವು ಹಿಡ್ಕೊಂಡು ಒಬ್ಬಳೇ ಫೋಟೋ ತೆಗೆಸ್ಕೊಂಡಿದ್ಲು. ಆ ಫೋಟೋಗ್ರಾಫರ್ ಈಗ ಪ್ರತಿ ಭಾನುವಾರ ಅವಳಮ್ಮನಿಗೆ ಮಾವಿನಹಣ್ಣು ತಂದುಕೊಡ್ತಾನಂತೆ.

"ಇನ್ನೊಂದ್ಸಲ ಹಾಗೆ ಮಾಡಿದ್ರೆ ನಂಗೆ ಫೋಟೋಗ್ರಾಫರೇ ಸಾಕು" ಅಂದಿದ್ಲು ಮೈದೆಲಿನ್. ತಮಾಷೆಗೆ ಅಂದಿದ್ದಲ್ಲ.

ಅದಕ್ಕೇ ಎದಿಬೆರ್ತೊ ಪರೀಕ್ಷೆಗೆ ಕೂತವನ ಥರ ಕೈಕಟ್ಟಿ ಕೂತ. ಪಕ್ಕದ ಸೀಟಲ್ಲಿ ಓನೆಲಿಯಮ್ಮ. ಇವನ ಊರು ಓಲ್ಗೀನಲ್ಲಿ ಬಸ್ಸು ಹತ್ತಿದಾಗಿನಿಂದ ಆಯಮ್ಮ ಇವನ ಮದುವೆ, ಸಂಬಳ, ಹಲ್ಲುನೋವು ಎಲ್ಲಾ ವಿಚಾರಿಸಿ ಮುಗಿಸಿದ್ರು.

"ನಿನ್ನ ಹೊಟ್ಟೆ ಕಪ್ಪೆ ಥರ ಕೂಗ್ತಿದೆ, ಮಗನೇ. ಹೋಗಿ ಏನಾದ್ರೂ ತಿನ್ನು."

"ಬೇಡಮ್ಮಾ. ಬಸ್ಸು ಹೋಗ್ಬಿಡುತ್ತೆ."

"ಹಸ್ಕೊಂಡು ಮದುವೆ ಆದ್ರೆ ಸಹಿ ಹಾಕುವಾಗ ತಲೆ ತಿರುಗಿ ಬೀಳ್ತೀಯ. ನನ್ನ ಎರಡನೇ ಗಂಡ ಹಾಗೇ ಬಿದ್ದಿದ್ದು."

ಇಳಿದೇಬಿಟ್ಟ. ಮದುವೆ ಸೂಟು ಮಾತ್ರ ಕಿಟಕಿ ಕೊಕ್ಕೆಯಲ್ಲಿ ನೇತಾಡ್ತಾ ಉಳೀತು.

ಅಲ್ಲೇ ಎರ್ಮೆಲಿಂಡಾ ಅನ್ನೋ ಹೆಂಗಸು ತನ್ನ ಮನೆ ಜಗಲೀಲಿ ನಾಲ್ಕು ಮೇಜು ಹಾಕಿ ಊಟ ಕೊಡ್ತಿದ್ಲು. ಹೊರಗೆ ಕ್ಯೂ. ಕ್ಯೂ ಅಂದ್ರೆ ಸಾಲಾಗಿ ಯಾರೂ ನಿಂತಿರಲಿಲ್ಲ. ಒಬ್ಬ ಮರದ ಕೆಳಗೆ, ಒಬ್ಬಳು ಎದುರುಮನೆ ಕಟ್ಟೆ ಮೇಲೆ, ಇಬ್ಬರು ಡೊಮಿನೊ ಆಡ್ತಾ. ಯಾರ ಹಿಂದೆ ಯಾರು ಅನ್ನೋದು ಅವರವರ ತಲೇಲಿ ಮಾತ್ರ.

"ಕೊನೆಯವರು ಯಾರ್ರೀ?" ಅಂತ ಕೂಗಿದ ಎದಿಬೆರ್ತೊ.

"ನಾನು." ತಿಳಿನೀಲಿ ಅಂಗಿಯವನೊಬ್ಬ ಹಲ್ಲುಕಡ್ಡಿ ಎತ್ತಿ ತೋರಿಸಿದ.

ನೋಡಿದ್ರೆ ಇವರ ಬಸ್ಸಿನ ಡ್ರೈವರ್. ಬೆಳಿಗ್ಗೆಯಿಂದ ಎದಿಬೆರ್ತೊ ಆ ದಪ್ಪ ಕುತ್ತಿಗೆಯನ್ನೇ ನೋಡ್ಕೊಂಡು ಬಂದಿದ್ದ. ಲಾಟರಿ ಹೊಡೆದಷ್ಟು ಖುಷಿಯಾಯ್ತು. ಡ್ರೈವರ್ ಇಲ್ಲದೆ ಬಸ್ಸು ಎಲ್ಲಿಗೆ ಹೋಗುತ್ತೆ? ಅವನು ಎದ್ದಾಗ ತಾನೂ ಎದ್ದರಾಯ್ತು.

ಅಷ್ಟರಲ್ಲಿ ಫೋನು. ಮೈದೆಲಿನ್.

"ಎಲ್ಲಿದೀಯ?"

"ಡ್ರೈವರ್ ಹಿಂದೇನೇ, ಚಿನ್ನಾ."

"ಇಳಿದಿಲ್ಲ ತಾನೇ?"

"ಡ್ರೈವರ್ನ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲ್ಲ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕ್ಯೂ ಮಾತ್ರ ಹಿಂದಕ್ಕೆ ಬೆಳೆಯೋ ಬದಲು ಮುಂದಕ್ಕೆ ಬೆಳೀತಿತ್ತು. ಕೂದಲಿಗೆ ಸುರುಳಿ ಸುತ್ಕೊಂಡಿದ್ದ ಒಬ್ಬಳು ಬಂದು "ನಾನು ಈ ನೀಲಿ ಅಂಗಿಯವರಿಗಿಂತ ಮುಂಚೆ. ಒಲೆ ಆರಿಸೋಕೆ ಮನೆಗೆ ಹೋಗಿದ್ದೆ" ಅಂದ್ಲು. ಅವಳ ಮುಂದೆ ಅವಳ ಭಾವ ಇದ್ದನಂತೆ. ಭಾವನ ಮುಂದೆ ಅವನ ಗೆಳೆಯ. ಡೊಮಿನೊ ಆಡ್ತಿದ್ದ ಮುದುಕಪ್ಪ ತಲೆ ಎತ್ತದೇ "ಹೌದು, ಇದ್ರು" ಅಂತ ತೀರ್ಪು ಕೊಟ್ಟ. ಮುಗೀತು.

ಕಡೆಗೂ ಡ್ರೈವರ್ಗೂ ಇವನಿಗೂ ಒಂದೇ ಮೇಜು ಸಿಕ್ತು. ಉದ್ದದ ಮೆನು ಹಿಡ್ಕೊಂಡು ಎದಿಬೆರ್ತೊ ಕೇಳಿದ, "ಮೀನಿದೆಯಾ?"

"ಇಲ್ಲ, ರಾಜಾ" ಅಂದ್ಲು ಎರ್ಮೆಲಿಂಡಾ.

"ಕೋಳಿ?"

"ನಿನ್ನೆ ಬಂದಿದ್ರೆ ಇತ್ತು, ರಾಜಾ."

"ಹಂದಿ? ವಾಸನೆ ಬರ್ತಿದೆ."

"ಒಂದೇ ತಟ್ಟೆ ಉಳಿದಿದೆ. ಇವರು ನಿನಗಿಂತ ಮುಂದಿನವರು."

ಹಂದಿ ಡ್ರೈವರ್ಗೆ ಹೋಯ್ತು. ಎದಿಬೆರ್ತೊಗೆ ಕಪ್ಪು ಕಾಳಿನ ಅನ್ನ, ಕರಿದ ಬಾಳೆಕಾಯಿ. ಡ್ರೈವರ್ ಗರಿಗರಿ ಚರ್ಮ ಕರುಂ ಕರುಂ ಅಂತ ಕಡಿಯೋ ಸದ್ದನ್ನೇ ಇವನು ತನ್ನ ಅನ್ನಕ್ಕೆ ನೆಂಚ್ಕೊಂಡ.

ಪೇರಲಹಣ್ಣು ತಗೊಳ್ಳೋಕೆ ಇಳಿದಿದ್ದ ಓನೆಲಿಯಮ್ಮ ಏದುಸಿರು ಬಿಡ್ತಾ ಓಡಿಬಂದ್ರು. "ಏಳೋ, ಹಾರ್ನ್ ಹೊಡೀತಿದಾರೆ."

"ಯಾರೋ ತಲೆಹರಟೆಗಳು ಹೊಡೀತಿರ್ತಾರೆ, ಬಿಡಿಮ್ಮಾ. ಡ್ರೈವರ್ ಇಲ್ಲೇ ಇದಾರಲ್ಲ."

ಓನೆಲಿಯಮ್ಮ ಆ ಕುತ್ತಿಗೆ ನೋಡಿದ್ರು. "ಹೌದಲ್ವಾ" ಅಂತ ಕುರ್ಚಿ ಎಳ್ಕೊಂಡು ಕೂತ್ರು. ಅವರ ಹಿಂದೆ ಬಂದ ಇನ್ನಿಬ್ಬರು ಪ್ರಯಾಣಿಕರಿಗೂ ಎದಿಬೆರ್ತೊ ಬಸ್ಸಿನ ಮಾಲೀಕನ ಗತ್ತಲ್ಲಿ ಜಾಗ ಮಾಡಿಕೊಟ್ಟ. "ಆರಾಮಾಗಿ ಕಾಫಿ ಕುಡೀರಿ. ನಾನಿದೀನಲ್ಲ."

ಡ್ರೈವರ್ ಅಗೀತಾನೇ ಇದ್ದ.

ಆಮೇಲೆ ಜಗಲಿ ಮುಂದಿಂದಲೇ ಬಸ್ಸು ಹಾದುಹೋಯ್ತು. ಕಿಟಕೀಲಿ ಸೂಟು ಹೋಗ್ಬರ್ತೀನಿ ಅನ್ನೋ ಹಾಗೆ ತೋಳು ಬೀಸ್ತಿತ್ತು. ಡ್ರೈವರ್ ಮೂಳೆ ಹಿಡಿದ ಕೈ ಎತ್ತಿದ. ಬಸ್ಸಿಂದಲೂ ಒಂದು ಕೈ ಬೀಸ್ತು.

"ಅದು... ಓಡಿಸ್ತಿರೋದು ಯಾರು?" ಎದಿಬೆರ್ತೊ ಬಾಯಲ್ಲಿದ್ದ ಬಾಳೆಕಾಯಿ ಅಲ್ಲೇ ನಿಂತಿತ್ತು.

"ಫೆರ್ಮಿನ್. ಇಲ್ಲಿಂದ ಹವಾನಾಗೆ ಯಾವಾಗ್ಲೂ ಅವನೇ. ನಂದು ಇಲ್ಲಿಗೆ ಮುಗೀತು."

"ಅಣ್ಣಾ, ಒಂದು ಮಾತು ಹೇಳ್ಬಾರದಿತ್ತಾ?"

"ಕೊನೆಯವರು ಯಾರು ಅಂತ ಕೇಳಿದೆ, ನಾನು ಅಂದೆ. ಬೇರೇನು ಕೇಳಿದೆ ನೀನು?"

ಓನೆಲಿಯಮ್ಮ ಕಾಫಿ ಕಪ್ಪು ಕೆಳಗಿಟ್ರು. "ನನ್ನ ಎರಡನೇ ಗಂಡನೇ ಎಷ್ಟೋ ವಾಸಿ."

ಬಸ್ ಸ್ಟ್ಯಾಂಡಲ್ಲಿ ಹವಾನಾ ಬಸ್ಸಿಗೆ ನಾಡಿದ್ದಿನವರೆಗೂ ಸೀಟಿಲ್ಲ. ರಸ್ತೇಲಿ ಕೈ ತೋರಿಸಿದ್ರೆ ಒಂದು ಟೊಮೇಟೊ ಲಾರಿ ನಿಲ್ತು. ಅದರಲ್ಲಿ ಮೂರೇ ಜನಕ್ಕೆ ಜಾಗ. ಓನೆಲಿಯಮ್ಮ, ಆ ಇಬ್ಬರು ಪ್ರಯಾಣಿಕರು ಒಂದೇ ಉಸಿರಲ್ಲಿ ಹತ್ಕೊಂಡ್ರು, ಇವನ ಕಡೆ ತಿರುಗಿ ನೋಡಲಿಲ್ಲ. ಸಂಜೆವರೆಗೂ ಕೈ ತೋರಿಸಿ ತೋರಿಸಿ ಎದಿಬೆರ್ತೊನ ತೋಳು ದಿಕ್ಕು ತೋರಿಸೋ ಹಲಗೆ ಥರ ಮರಗಟ್ಟಿತು.

ಆಗ ಡ್ರೈವರ್ಗೇ ಪಾಪ ಅನಿಸ್ತು. ಪಕ್ಕಕ್ಕೆ ಬಂದು ಹಲ್ಲುಕಡ್ಡಿ ತೆಗೆದ. "ಇಲ್ಲೇ ಮಲಗ್ತೀಯೇನಪ್ಪಾ? ನಾನು ಈಗ ಬಸ್ಸು ತಗೊಂಡು ವಾಪಸ್ ಓಲ್ಗೀನಿಗೆ ಹೋಗ್ತಿದೀನಿ. ಒಂದು ಸೀಟಿದೆ. ಮನೆಗಾದ್ರೂ ಸೇರ್ಕೋ."

ಬಸ್ಸು ಹೊರಟು ಸ್ವಲ್ಪ ದೂರ ಬಂದಿತ್ತು. ಫೋನು ಕೂಗ್ತು.

"ಅಪ್ಪ ಬಸ್ ಸ್ಟ್ಯಾಂಡಿಗೆ ಬಂದು ಕಾಯ್ತಿದಾರೆ" ಅಂದ್ಲು ಮೈದೆಲಿನ್. "ಬಸ್ಸಲ್ಲೇ ಇದೀಯ ತಾನೇ?"

"ಬಸ್ಸಲ್ಲೇ."

"ಆಣೆಗೂ?"

ಎದಿಬೆರ್ತೊ ಮುಂದಿದ್ದ ದಪ್ಪ ಕುತ್ತಿಗೆ ನೋಡಿದ. ಹಿಂದಿನ ಗಾಜಲ್ಲಿ, ಹವಾನಾ ಇರೋ ಕಡೆ, ಸೂರ್ಯ ಮುಳುಗ್ತಿದ್ದ.

"ಆಣೆಗೂ. ಡ್ರೈವರ್ ಹಿಂದೇನೇ, ಚಿನ್ನಾ."

"ಸದ್ಯ" ಅಂತ ಉಸಿರು ಬಿಟ್ಲು ಮೈದೆಲಿನ್. "ಫೋಟೋಗ್ರಾಫರ್ ಆಗಲೇ ಬಂದು ಕೂತಿದಾನೆ."